ಗಾಯ ಮಾಯ್ದ ಮೇಲೆ

ಹೊಟ್ಟೆಯ ಮೇಲೆ ಐದಾರು ಸಣ್ಣ ಗುರುತುಗಳು. ಒಂದೊಂದೂ ಬೆರಳ ಉಗುರಿಗಿಂತ ದೊಡ್ಡದಿಲ್ಲ. ವರ್ಷ ಎರಡು ವರ್ಷದಲ್ಲಿ ಅವೂ ಚರ್ಮದ ಬಣ್ಣಕ್ಕೆ ತಿರುಗಿ, ಹುಡುಕಿ ನೋಡಿದವರಿಗಷ್ಟೇ ಕಾಣುತ್ತವೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಹೊರಗೆ ಬಿಟ್ಟುಹೋಗುವ ಕುರುಹು ಇಷ್ಟೇ. ಒಳಗಾದರೋ ಉಂಡ ಅನ್ನ ಸಾಗುವ ದಾರಿಯೇ ಬೇರೆಯಾಗಿರುತ್ತದೆ, ಸಾಯುವತನಕ ಹಾಗೆಯೇ ಇರುತ್ತದೆ. ವರ್ಷಗಳು ಕಳೆದ ಮೇಲೆ ಒಂದು ರಾತ್ರಿ ಆ ವ್ಯಕ್ತಿ ಹೊಟ್ಟೆನೋವೆಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ, ಈ ದೇಹದ ಒಳಗು ಬೇರೆಯಾಗಿದೆ ಎಂದು ಎದುರಿಗೆ ನಿಂತ ವೈದ್ಯರಿಗೆ ಹೇಳುವವರು ಯಾರು? ಸೊಲ್ಲಾಪುರದ ಒಂದು ರಾತ್ರಿ ಈ ಪ್ರಶ್ನೆಯನ್ನು ನನ್ನೆದುರಿಗೆ ತಂದು ನಿಲ್ಲಿಸಿತು. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಈ ಶಸ್ತ್ರಚಿಕಿತ್ಸೆಯ ವಿರುದ್ಧ ನನ್ನದೇನೂ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೊಜ್ಜು ಎಂದರೆ ಬಾಯಿಚಪಲ, ಸೋಮಾರಿತನ ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ದೇಹದ ಲೆಕ್ಕ ಅಷ್ಟು ಸರಳವಲ್ಲ. ಊಟ ಬಿಟ್ಟು ಹತ್ತು ಕಿಲೋ ಇಳಿಸಿದವರ ಜಠರ, ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಮೊದಲಿಗಿಂತ ಹೆಚ್ಚು ಸುರಿಸತೊಡಗುತ್ತದೆ. ದೇಹ ಸುಡುವ ಶಕ್ತಿ ತಗ್ಗುತ್ತದೆ. ಹೋದ ತೂಕ ಮರಳಿ ಬರುವತನಕ ಅದು ಹಟ ಬಿಡುವುದಿಲ್ಲ. ತೀರಾ ತೂಕ ಏರಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಅಂಟಿಕೊಂಡವರಿಗೆ ಮನೋಬಲ ಒಂದೇ ಸಾಲದು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಹೊರಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಮಾಡಿಸಿಕೊಳ್ಳದೆ ಉಳಿದ ಅಂಥದೇ ರೋಗಿಗಳಿಗಿಂತ ಹೆಚ್ಚು ಕಾಲ ಬದುಕಿದ್ದರು. ಎಷ್ಟೋ ಮಂದಿಯ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿಗೆ ಬರುತ್ತದೆ. ಇದು ಚೆಲುವಿಗಾಗಿ ಮಾಡಿಸುವ ಕೊಬ್ಬು ತೆಗೆಯುವ ಚಿಕಿತ್ಸೆಯೂ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡಾಗ ಎಲ್ಲವನ್ನೂ ಒಂದೇ ಎಂದು ಭಾವಿಸಿ ಮಾತಾಡಿದವರು ಬಹಳ. ಚರ್ಮದ ಕೆಳಗಿನ ಕೊಬ್ಬು ಹೀರುವುದು ಬೇರೆ, ಜಠರ ಕರುಳುಗಳ ಜೋಡಣೆಯನ್ನೇ ಬದಲಿಸುವುದು ಬೇರೆ.

ಬದಲಿಸುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಸ್ಲೀವ್ ಎನ್ನುವುದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದನೆಯ ಕೊಳವೆಯಂತೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಉಳಿಸಿಕೊಂಡು, ಸಣ್ಣ ಕರುಳನ್ನು ತುಂಡರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆಳೆದು ಆ ಚೀಲಕ್ಕೆ ಹೊಲಿಯುತ್ತಾರೆ. ಹಳೆಯ ಜಠರ ಒಳಗೇ ಇರುತ್ತದೆ, ಅನ್ನ ಮಾತ್ರ ಅದರೊಳಗೆ ಹೋಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1967ರಲ್ಲಿ ಬೊಜ್ಜಿಗೆ ಬೈಪಾಸ್ ಮಾಡುವ ವಿಧಾನವನ್ನು ಮೊದಲು ಪ್ರಕಟಿಸಿದರು. ಅಲ್ಲಿಂದ ಇದು ಹಲವು ರೂಪ ತಾಳಿ, ಈಗ ಹೊಟ್ಟೆ ಸೀಳದೆ ಸಣ್ಣ ರಂಧ್ರಗಳಿಂದಲೇ ಮುಗಿಯುತ್ತದೆ.

ಕರುಳು ಹೊಟ್ಟೆಯೊಳಗೆ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಮೆಸೆಂಟರಿ ಎಂಬ ತೆಳು ಪದರ ಅದನ್ನು ಬೆನ್ನಿನ ಕಡೆಯ ಗೋಡೆಗೆ ಹಿಡಿದಿಟ್ಟಿರುತ್ತದೆ. ಕರುಳಿಗೆ ರಕ್ತ ತರುವ ನಾಳಗಳೂ ಅದರಲ್ಲೇ ಇವೆ. ಕರುಳನ್ನು ಕತ್ತರಿಸಿ ಮೇಲಕ್ಕೆಳೆದಾಗ ಆ ಪದರದಲ್ಲಿ, ಅದರ ಹಿಂದೆ, ಹೊಸ ಕಿಂಡಿಗಳು ಉಂಟಾಗುತ್ತವೆ. ಅವುಗಳಲ್ಲಿ ಒಂದಕ್ಕೆ ಪೀಟರ್ಸನ್ ಎಂಬ ಜರ್ಮನ್ ಶಸ್ತ್ರವೈದ್ಯನ ಹೆಸರಿದೆ. ಜಠರಕ್ಕೆ ಕರುಳು ಜೋಡಿಸಿದವರಲ್ಲಿ ಈ ಸಂದಿಯೊಳಗೆ ಕರುಳು ನುಗ್ಗಿ ಸಿಕ್ಕಿಕೊಳ್ಳುವುದನ್ನು ಆತ 1900ರಲ್ಲಿಯೇ ಬರೆದಿಟ್ಟಿದ್ದ, ಬೊಜ್ಜಿಗೆ ಶಸ್ತ್ರಚಿಕಿತ್ಸೆ ಎಂಬ ಯೋಚನೆ ಹುಟ್ಟುವುದಕ್ಕೆ ಎಷ್ಟೋ ಮೊದಲು. ಶಸ್ತ್ರಚಿಕಿತ್ಸೆಯ ದಿನ ಮೆಸೆಂಟರಿಯ ತುಂಬ ಕೊಬ್ಬು ಇರುವುದರಿಂದ ಕಿಂಡಿ ಒತ್ತಾಗಿ ಮುಚ್ಚಿದಂತೆ ಇರುತ್ತದೆ. ನಲವತ್ತು, ಐವತ್ತು ಕಿಲೋ ಇಳಿದಾಗ ಒಳಗಿನ ಕೊಬ್ಬೂ ಕರಗುತ್ತದೆ. ಸೊಲ್ಲಾಪುರದ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಹಾಸಿನ ಎಳೆಗಳು ಸಡಿಲಾದರೆ ಚಾದರದ ನೇಯ್ಗೆಯಲ್ಲಿ ಸಂದು ಬೀಳುತ್ತದೆ. ಇಲ್ಲಿ ಆಗುವುದೂ ಅದೇ. ಚಿಕಿತ್ಸೆ ಚೆನ್ನಾಗಿ ಫಲಿಸಿದಷ್ಟೂ ಕಿಂಡಿ ಅಗಲವಾಗುತ್ತದೆ. ಒಂದು ದಿನ ಕರುಳಿನ ಒಂದು ಸುರುಳಿ ಅದರೊಳಗೆ ಜಾರಿ ತಿರುಚಿಕೊಂಡರೆ ರಕ್ತದ ಹರಿವು ನಿಲ್ಲುತ್ತದೆ. ಆಮೇಲೆ ಕರುಳು ಸಾಯಲು ಕೆಲವೇ ಗಂಟೆಗಳು ಸಾಕು.

ನಮ್ಮ ಬಳಗದ ಒಬ್ಬ ಹೆಣ್ಣುಮಗಳಿಗೆ ಆದದ್ದು ಇದೇ. ವರಸೆಯಲ್ಲಿ ನನಗೆ ವೈನಿ, ಅಂದರೆ ಅತ್ತಿಗೆ; ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಸೊಸೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಂಡು, ಮೊಣಕಾಲು ನೋವಿನಿಂದ ಅಟ್ಟ ಹತ್ತಲಾರದೆ ಬಳಲಿದವರು ದೂರದ ದೊಡ್ಡ ಊರೊಂದರಲ್ಲಿ ಬೈಪಾಸ್ ಮಾಡಿಸಿಕೊಂಡು ಬಂದರು. ಊರಲ್ಲಿ ಕೇಳಿದವರಿಗೆ ಮನೆಯವರು ಹೇಳಿದ್ದು ಪಿತ್ತಕೋಶದ ಹರಳಿನ ಆಪರೇಷನ್ ಎಂದು. ತೂಕ ಇಳಿಯಿತು, ಇನ್ಸುಲಿನ್ ನಿಂತಿತು, ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುವ ಹಾಗಾದರು. ವರ್ಷಗಳು ಸರಿದವು. ನಡುನಡುವೆ ಉಂಡ ಮೇಲೆ ಹೊಕ್ಕುಳ ಸುತ್ತ ಹಿಂಡಿದಂತಾಗಿ ಬೆನ್ನಿಗೆ ಹೊಡೆಯುವ ನೋವು ಬರುತ್ತಿತ್ತು, ಅರ್ಧ ಗಂಟೆಯಲ್ಲಿ ಹೋಗುತ್ತಿತ್ತು. ‘ಗ್ಯಾಸ್ ಆಗ್ಯಾದ ಬಿಡು’ ಎಂದು ಓಂಕಾಳಿನ ನೀರು ಕುಡಿದು ಮಲಗುತ್ತಿದ್ದರು.

ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯ ಸಡಗರದ ಹೊತ್ತು. ಇತ್ತ ಹಳ್ಳಿಯಲ್ಲಿ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಲವು ಕಾಯಿಪಲ್ಯೆ ಕೂಡಿಸಿದ ಭೋಗಿ ಪಲ್ಯೆ ಉಂಡು ಎಲ್ಲರೂ ಮಲಗಿದ ಮೇಲೆ ವೈನಿಗೆ ಅದೇ ನೋವು ಬಂತು. ಈ ಸಲ ಅದು ಹೋಗಲಿಲ್ಲ. ಹತ್ತಿರದ ದವಾಖಾನೆಗೆ ಒಯ್ದರು. ಅಲ್ಲಿಯ ವೈದ್ಯರು ಕೇಳಬೇಕಾದದ್ದನ್ನೇ ಕೇಳಿದರು.

‘ಮೊದಲ ಏನರೆ ಆಪರೇಷನ್ ಆಗ್ಯಾದೇನ್ರಿ?’

ಮಂಚದ ಬಳಿ ಅತ್ತೆ ನಿಂತಿದ್ದರು, ಮೈದುನ ನಿಂತಿದ್ದ, ನೆರೆಮನೆಯ ಜೀಪು ತಂದವರೂ ನಿಂತಿದ್ದರು. ವೈನಿ ಅತ್ತೆಯ ಮುಖ ನೋಡಿ, ‘ಪಿತ್ತಕೋಶದ್ದು’ ಎಂದರು. ವಾಂತಿ ಇರಲಿಲ್ಲ, ಹೊಟ್ಟೆ ಉಬ್ಬಿರಲಿಲ್ಲ. ಆಮ್ಲಪಿತ್ತಕ್ಕೆ ಒಂದು ಸೂಜಿ, ನೋವಿಗೆ ಒಂದು ಸೂಜಿ ಹಾಕಿ, ಕಡಿಮೆಯಾಗದಿದ್ದರೆ ಸೊಲ್ಲಾಪುರಕ್ಕೆ ಒಯ್ಯಿರಿ ಎಂದು ಕಳಿಸಿದರು. ಅಕ್ಕಲಕೋಟೆಯಿಂದ ಸೊಲ್ಲಾಪುರ ನಲವತ್ತು ಕಿಲೋಮೀಟರ್. ಬೆಳಗಿನ ಜಾವಕ್ಕೆ ಅಲ್ಲಿ ಸೇರಿಸುವಷ್ಟರಲ್ಲಿ ನಾನೂ ಹೋಗಿ ಕೂಡಿಕೊಂಡೆ. ಅಲ್ಲಿಯೂ ಎಕ್ಸ್‌ರೇಯಲ್ಲಿ ಏನೂ ಇಲ್ಲ, ರಕ್ತಪರೀಕ್ಷೆಯಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ನೋವು ಮಾತ್ರ ಮುಖದ ಬಣ್ಣವನ್ನೇ ತೆಗೆದಿತ್ತು.

ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆ ಕಲಬುರಗಿ ಕಡೆಯವರು. ಸೋನೋಗ್ರಫಿ ಮಾಡಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ ಮಂಚದ ಸುತ್ತ ಪರದೆ ಎಳೆದರು. ಒಳಗೆ ನಡೆದ ಮಾತು ಮುಂದೆ ವೈನಿಯೇ ನನಗೆ ಹೇಳಿದ್ದು.

‘ಅಕ್ಕಾರ, ಪಿತ್ತಕೋಶ ತೆಗಿಸೀನಿ ಅಂದ್ರಿ. ಅದು ಇಲ್ಲೇ ಅದ. ಈ ಗುರ್ತು ಯಾತರವು? ಈಗ ಇಲ್ಲಿ ನಾವಿಬ್ರ ಅದೀವಿ, ಮತ್ಯಾರಿಲ್ಲ.’

ವೈನಿ ಅತ್ತರು, ಅತ್ತು ಹೇಳಿದರು. ಅಲ್ಲಿಂದ ಮುಂದೆ ಎಲ್ಲವೂ ಓಡಿತು. ಹಿರಿಯ ಶಸ್ತ್ರವೈದ್ಯರು ಬಂದರು, ಸಿಟಿ ಸ್ಕ್ಯಾನ್ ಆಯಿತು, ಮೆಸೆಂಟರಿಯ ನಾಳಗಳು ಸುಳಿಯಂತೆ ತಿರುಚಿಕೊಂಡದ್ದು ಅದರಲ್ಲಿ ಕಂಡಿತು. ಹೊಟ್ಟೆ ತೆರೆದಾಗ ಕರುಳಿನ ಒಂದು ಉದ್ದನೆಯ ಭಾಗ ನೀಲಿಗಟ್ಟಿತ್ತಂತೆ. ತಿರುಚಿದ್ದನ್ನು ಬಿಡಿಸಿ, ಬಿಸಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಕತ್ತರಿಸಬೇಕೋ ಉಳಿಸಬೇಕೋ ಎಂದು ಕಾದು ನಿಂತರಂತೆ. ನಿಧಾನಕ್ಕೆ ಕೆಂಪು ಮರಳಿತು. ಕಿಂಡಿ ಹೊಲಿದು ಮುಚ್ಚಿದರು. ಇನ್ನೂ ಒಂದೆರಡು ಗಂಟೆ ತಡವಾಗಿದ್ದರೆ ಕತ್ತರಿಸುವುದು ಬಿಟ್ಟು ಬೇರೆ ದಾರಿ ಇರುತ್ತಿರಲಿಲ್ಲ ಎಂದು ಆ ಶಸ್ತ್ರವೈದ್ಯರು ಹೇಳಿದರು.

ವಾಂತಿ ಯಾಕೆ ಇರಲಿಲ್ಲ ಎಂಬುದಕ್ಕೂ ಅವರು ಉತ್ತರ ಕೊಟ್ಟರು. ಸಾಮಾನ್ಯವಾಗಿ ಕರುಳು ಕಟ್ಟಿದರೆ ಜಠರ ತುಂಬಿ ವಾಂತಿಯಾಗುತ್ತದೆ. ಬೈಪಾಸ್ ಆದವರಲ್ಲಿ ಬಾಯಿಗೂ ಹಳೆಯ ಜಠರಕ್ಕೂ ಸಂಬಂಧವೇ ಇಲ್ಲ. ಆ ಜಠರ ತುಂಬಿ ಉಬ್ಬಿದರೂ ಹೊರಗೆ ಸುಳಿವು ಸಿಗುವುದಿಲ್ಲ. ಎಲ್ಲರಿಗೂ ಹಾಕುವ ಹಾಗೆ ಮೂಗಿನಿಂದ ಕೊಳವೆ ಇಳಿಸಿದರೆ ಅದು ಹಳೆಯ ಜಠರವನ್ನು ತಲುಪುವುದಿಲ್ಲ, ಮೇಲಿನ ಪುಟ್ಟ ಚೀಲಕ್ಕೇ ಪೆಟ್ಟಾಗುವ ಅಪಾಯವೂ ಇದೆ. ಕೆಲವೊಮ್ಮೆ ಸ್ಕ್ಯಾನ್ ಕೂಡ ಸರಿಯಾಗಿಯೇ ಕಾಣುತ್ತದೆ. ಆಗಲೂ ನೋವು ನಿಲ್ಲದಿದ್ದರೆ ಒಳಗೆ ನೋಡಲೇಬೇಕು. ಅಂದರೆ ಓದಿದ ವೈದ್ಯರಿಗೂ, ಒಂದು ಸಂಗತಿ ಗೊತ್ತಿಲ್ಲದಿದ್ದರೆ, ಉಳಿದೆಲ್ಲ ಲಕ್ಷಣಗಳು ತಪ್ಪು ದಾರಿ ತೋರಿಸುತ್ತವೆ. ಆ ಒಂದು ಸಂಗತಿ ರೋಗಿಯ ಬಾಯಲ್ಲಿ ಇತ್ತು. ಹೊರಗೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದನ್ನೇ ನಾನು ಹೆಚ್ಚು ಯೋಚಿಸಿದ್ದೇನೆ. ಸುಳ್ಳು ಹೇಳುವ ಸ್ವಭಾವ ವೈನಿಯದಲ್ಲ. ಮೈ ತುಂಬಿದ್ದಾಗ ಮದುವೆ ಮುಂಜಿಗಳಲ್ಲಿ ಅವರ ಬೆನ್ನ ಹಿಂದೆ ಮಾತಿತ್ತು. ಆಪರೇಷನ್ ವಿಷಯ ತಿಳಿದರೆ ‘ತಿನ್ನೋದು ಬಿಡಲಾರದಕ್ಕ ಕೊಯ್ಸಿಕೊಂಡಳು’ ಎಂಬ ಇನ್ನೊಂದು ಮಾತು ಬರುತ್ತಿತ್ತು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ತಾಯಿಯ ಬೊಜ್ಜು ಮಗಳಿಗೂ ಬಂದೀತು ಎಂದು ಹುಡುಗನ ಕಡೆಯವರು ಅಂದುಕೊಂಡರೆ? ಅತ್ತೆಯ ಹೆದರಿಕೆ ಅದು. ಆ ಹೆದರಿಕೆಗೆ ಕಾರಣವಿಲ್ಲ ಎಂದು ನಮ್ಮ ಸಮಾಜ ಬಲ್ಲವರು ಯಾರೂ ಹೇಳಲಾರರು. ಅಕ್ಕಲಕೋಟೆಯಂಥ ಊರಲ್ಲಿ ಊಟ ಖಾಸಗಿ ವಿಷಯವೇ ಅಲ್ಲ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರೆಲ್ಲ ಅನ್ನಛತ್ರದ ಪಂಕ್ತಿಯಲ್ಲಿ ಕೂತು ಉಣ್ಣುವ ಊರದು. ಅಲ್ಲಿ ನಾಲ್ಕು ತುತ್ತಿಗೆ ಕೈ ತೊಳೆದವರನ್ನು ಪಕ್ಕದವರು ಕೇಳಿಯೇ ಕೇಳುತ್ತಾರೆ. ಹಬ್ಬದಲ್ಲಿ ಹೋಳಿಗೆ ಬೇಡವೆಂದರೆ ಬಡಿಸುವವರಿಗೆ ಬೇಸರ. ಬೈಪಾಸ್ ಆದವರು ಹೋಳಿಗೆಯ ಸಿಹಿ ಒಮ್ಮೆಲೇ ತಿಂದರೆ ಎದೆ ಹೊಡೆದುಕೊಂಡು, ಬೆವರಿ, ಭೇದಿಯಾಗುತ್ತದೆ. ಅದನ್ನು ಹೇಳಲಾರದೆ, ಉಣ್ಣಲಾರದೆ, ಪ್ರತಿ ಪಂಕ್ತಿಯಲ್ಲೂ ಒಂದು ನೆಪ ಹುಡುಕಬೇಕು. ಹೀಗೆ ವರ್ಷಗಟ್ಟಲೆ ನೆಪ ಹೇಳಿ ಹೇಳಿ ನಾಲಿಗೆಗೆ ನೆಪವೇ ರೂಢಿಯಾಗಿರುವಾಗ, ವೈದ್ಯರು ಕೇಳಿದಾಗಲೂ ಬಂದದ್ದು ನೆಪವೇ.

ರಾಜಕಾರಣಿಗಳಾದ ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಯಾರೂ ಅವರನ್ನು ಹಳಿಯಲಿಲ್ಲ, ಹಳಿಯಬೇಕಾದದ್ದೂ ಇರಲಿಲ್ಲ. ದೊಡ್ಡವರಿಗೆ ಸಿಕ್ಕ ಆ ಸಹಜತೆ ಹಳ್ಳಿಯ ಸೊಸೆಗೂ ಸಿಗಬೇಕು. ಸಿಗದಿದ್ದರೆ ಅದರ ಬೆಲೆಯನ್ನು ಆಕೆ ಮಾತಿನಲ್ಲಿ ತೆರುವುದಿಲ್ಲ, ಕರುಳಿನಲ್ಲಿ ತೆರುತ್ತಾಳೆ.

ಹೀಗೆ ತಡವಾಗಿ ಬರುವ ಅಪಾಯ ಕರುಳು ಸಿಕ್ಕಿಕೊಳ್ಳುವುದೊಂದೇ ಅಲ್ಲ. ನನ್ನನ್ನು ಬಹಳ ಕಾಡಿದ್ದು ಬಿ1 ಜೀವಸತ್ವದ, ಅಂದರೆ ಥಯಾಮಿನ್ನಿನ ಕೊರತೆ. ನಮ್ಮ ದೇಹ ಅದನ್ನು ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಕೂಡಿಟ್ಟುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಾದವರಿಗೆ ಯಾವುದೋ ಕಾರಣಕ್ಕೆ ವಾಂತಿ ಹಿಡಿದು ಕೆಲವು ವಾರ ನಿಲ್ಲದಿದ್ದರೆ ಆ ಸಂಗ್ರಹ ಬರಿದಾಗುತ್ತದೆ. ಆಗ ಕಣ್ಣಗುಡ್ಡೆ ಅದುರುತ್ತದೆ, ಒಂದು ಎರಡಾಗಿ ಕಾಣುತ್ತದೆ, ನಡಿಗೆ ಓಲಾಡುತ್ತದೆ, ಮಾತು ದಿಕ್ಕು ತಪ್ಪುತ್ತದೆ. 1881ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ಈ ಮೆದುಳಿನ ರೋಗವನ್ನು ಮೊದಲು ವಿವರಿಸಿದಾಗ ಆತನ ಮುಂದಿದ್ದವರು ಮೂವರು ರೋಗಿಗಳು. ಇಬ್ಬರು ಕುಡಿತಕ್ಕೆ ಬಿದ್ದ ಗಂಡಸರು. ಮೂರನೆಯವಳು ಹೊಲಿಗೆ ಕೆಲಸದ ಯುವತಿ. ಸಲ್ಫ್ಯೂರಿಕ್ ಆಮ್ಲ ಕುಡಿದು ಬದುಕುಳಿದಿದ್ದಳು, ಆಮೇಲೆ ತಿಂದದ್ದು ಜಠರ ದಾಟದೆ ವಾಂತಿಯಾಗುತ್ತಲೇ ಹೋಯಿತು. ಮೂವರೂ ತೀರಿಕೊಂಡರು. ಜೀವಸತ್ವ ಎಂಬ ಮಾತೇ ಆಗ ಹುಟ್ಟಿರಲಿಲ್ಲ, ವೆರ್ನಿಕೆಗೆ ಕಾರಣ ತಿಳಿಯುವಂತಿರಲಿಲ್ಲ. ನಮಗೆ ತಿಳಿದಿದೆ. ರಕ್ತನಾಳಕ್ಕೆ ಕೊಡುವ ಥಯಾಮಿನ್ ಅಗ್ಗದ ಔಷಧ. ಆದರೂ ಈ ರೋಗವನ್ನು ಕುಡುಕರ ರೋಗವೆಂದೇ ಓದಿಕೊಂಡವರಿಗೆ, ಮದ್ಯ ಮುಟ್ಟದ ಗೃಹಿಣಿಯಲ್ಲಿ ಅದು ಹೊಳೆಯುವುದು ಕಷ್ಟ. ಸುಸ್ತಾಗಿ ಬಂದವರಿಗೆ ನಮ್ಮ ಕಡೆ ಮೊದಲು ಹಚ್ಚುವುದು ಗ್ಲೂಕೋಸ್ ಬಾಟಲಿ. ಥಯಾಮಿನ್ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಕೊಟ್ಟರೆ ಇದ್ದಬದ್ದ ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಥಯಾಮಿನ್ ಮೊದಲು, ಸಕ್ಕರೆ ತೀರಾ ಇಳಿದಿದ್ದರೆ ಎರಡೂ ಒಟ್ಟಿಗೆ. ಮನೆಯಲ್ಲಿ ಯಾರಾದರೂ ಹೀಗೆ ಓಲಾಡಿ, ಏನೇನೋ ಮಾತಾಡಿದರೆ ದೃಷ್ಟಿ ತೆಗೆಯುತ್ತೇವೆ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ವಟವೃಕ್ಷದ ಗುಡಿಗೆ ಕರೆದೊಯ್ದು ಅಂಗಾರ ಹಚ್ಚುತ್ತೇವೆ. ಆ ನಂಬಿಕೆ ಸಾವಿರಾರು ಜನಕ್ಕೆ ಧೈರ್ಯ ಕೊಟ್ಟಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಗುಡಿಯ ದಾರಿಯಲ್ಲಿ ಒಂದು ದಿನ ಕಳೆದರೆ ನೆನಪಿನ ಶಕ್ತಿ ಮತ್ತೆ ಬಾರದ ಹಾಗೆ ಹೋಗಬಹುದು. ಮೊದಲು ಸೂಜಿ, ಆಮೇಲೆ ದರ್ಶನ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಬೈಪಾಸ್‌ನ ಹೊಲಿಗೆಯ ಬಳಿ ಹುಣ್ಣಾಗಿ ರಕ್ತ ಸುರಿಯಬಹುದು, ತೂತು ಬೀಳಬಹುದು. ಬೀಡಿ ಸಿಗರೇಟು ಸೇದುವವರಲ್ಲಿ, ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ತಂದು ನುಂಗುವವರಲ್ಲಿ ಇದು ಹೆಚ್ಚು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ನಿಜವಾಗಿಯೇ ಹರಳು ಕಟ್ಟಬಹುದು. ವರ್ಷಗಳ ಮೇಲೆ ಕೆಲವರಿಗೆ ಊಟವಾದ ಒಂದೆರಡು ಗಂಟೆಗೆ ಸಕ್ಕರೆ ಸರ್ರನೆ ಇಳಿದು ಎಚ್ಚರ ತಪ್ಪುತ್ತದೆ. ಬಸುರಿಯರಲ್ಲಿ ಗರ್ಭ ಬೆಳೆದು ಕರುಳನ್ನು ಮೇಲಕ್ಕೆ ತಳ್ಳುವುದರಿಂದ, ಕೊನೆಯ ತಿಂಗಳುಗಳಲ್ಲಿ ಕರುಳು ಕಿಂಡಿಯೊಳಗೆ ನುಗ್ಗುವ ಸಂಭವ ಹೆಚ್ಚು. ಆಗ ಆ ನೋವನ್ನು ಹೆರಿಗೆಯ ನೋವೆಂದು ತಿಳಿದರೆ ಎರಡು ಜೀವಕ್ಕೂ ಕುತ್ತು.

ಶಸ್ತ್ರವೈದ್ಯರು ಕಿಂಡಿಗಳನ್ನು ಮೊದಲ ದಿನವೇ ಹೊಲಿದು ಮುಚ್ಚಬಾರದೇ ಎಂದು ಕೇಳಬಹುದು. ಸ್ವೀಡನ್ನಿನ 12 ಆಸ್ಪತ್ರೆಗಳಲ್ಲಿ 2507 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಕಿಂಡಿ ಮುಚ್ಚದೆ ಬಿಟ್ಟವರಲ್ಲಿ ಮೂರು ವರ್ಷದೊಳಗೆ ಕರುಳು ಕಟ್ಟಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ನೂರಕ್ಕೆ ಸುಮಾರು 10, ಮುಚ್ಚಿದವರಲ್ಲಿ ಸುಮಾರು 5.5. ಮುಚ್ಚುವಾಗ ಕರುಳಿನ ಜೋಡಣೆ ಮಡಚಿಕೊಂಡು ಮೊದಲ ತಿಂಗಳ ತೊಂದರೆ ಮಾತ್ರ ತುಸು ಹೆಚ್ಚಾಯಿತು. ಮುಚ್ಚುವುದು ಒಳ್ಳೆಯದು, ಮುಚ್ಚಿದರೂ ಅಪಾಯ ಪೂರ್ತಿ ಹೋಗದು. ಎಂಥ ಕುಶಲ ಕೈಯೂ ಇದನ್ನು ಸೊನ್ನೆಗೆ ಇಳಿಸಲಾರದು. ಆದ್ದರಿಂದ ಉಳಿದ ಕಾವಲನ್ನು ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ, ನಮ್ಮ ನಡುವೆಯೇ ಕಟ್ಟಿಕೊಳ್ಳಬೇಕು.

ಈಗ ಆ ಕಾವಲು ಎಲ್ಲಿ ಮುರಿದಿದೆ ಎಂಬುದು ಮಹಾರಾಷ್ಟ್ರ ಕರ್ನಾಟಕ ಗಡಿಯ ನಮ್ಮಂಥ ಊರುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಗೆಂದು ಜನ ಹುತಾತ್ಮ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ, ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗುತ್ತಾರೆ, ಹೈದರಾಬಾದು ಬೆಂಗಳೂರಿಗೂ ಹೋಗುತ್ತಾರೆ. ಕೈಗೆ ಸಿಗುವ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ನೋವು ಹೇಳಿಕೊಳ್ಳುವುದು ಕನ್ನಡದಲ್ಲಿ. ಕೇಳಿಸಿಕೊಳ್ಳುವ ವೈದ್ಯರು ಬಹುಪಾಲು ಮರಾಠಿಯವರು. ಮೊದಲ ಕೆಲವು ಸಲ ಮರುತಪಾಸಣೆಗೆ ಹೋಗಿ ಬಂದವರು ಆಮೇಲೆ ನಿಲ್ಲಿಸುತ್ತಾರೆ. ಖರ್ಚು, ದೂರ, ಹೊಲದ ಕೆಲಸ, ಎಲ್ಲಕ್ಕಿಂತ ಹೆಚ್ಚಾಗಿ ‘ಆರಾಮ ಆಗೇನಲ್ಲ, ಇನ್ನ್ಯಾಕ’ ಎಂಬ ಭಾವನೆ. ಆ ಕಾಗದ ಅಲಮಾರಿಯ ತಳ ಸೇರುತ್ತದೆ. ದೊಡ್ಡ ಊರಿನ ತಜ್ಞರಿಗೆ ತಮ್ಮ ರೋಗಿಯ ನಡುರಾತ್ರಿ ಗೊತ್ತಾಗುವುದಿಲ್ಲ, ಸಣ್ಣ ಊರಿನ ವೈದ್ಯರಿಗೆ ಆ ರೋಗಿಯ ಹಿಂದಿನ ಕಥೆ ಗೊತ್ತಾಗುವುದಿಲ್ಲ. 2022ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಗಳು ಮಾರ್ಗಸೂಚಿ ಪರಿಷ್ಕರಿಸಿ, ಏಷ್ಯಾದವರಿಗೆ ದೇಹತೂಕ ಸೂಚ್ಯಂಕ 27.5 ದಾಟಿದರೂ ಈ ಚಿಕಿತ್ಸೆಯನ್ನು ಪರಿಗಣಿಸಬಹುದು ಎಂದಿವೆ. ಮಾಡಿಸಿಕೊಳ್ಳುವವರು ಇನ್ನು ಹೆಚ್ಚಾಗುತ್ತಾರೆ. ಅವರಲ್ಲಿ ಕೆಲವರ ನಡುರಾತ್ರಿಗಳು ಅಕ್ಕಲಕೋಟೆ, ಆಳಂದ, ಇಂಡಿಯಂಥ ಊರುಗಳ ಬಾಗಿಲಿಗೇ ಬರುತ್ತವೆ.

ಇದಕ್ಕೆಲ್ಲ ಹಿಂದೆ ವಾಸಿಯಾಗುವುದು ಎಂದರೇನು ಎಂಬುದರ ಬಗ್ಗೆ ನಮ್ಮಲ್ಲಿರುವ ಒಂದು ತಪ್ಪು ಕಲ್ಪನೆಯಿದೆ ಎಂದು ನನಗೆ ಅನಿಸುತ್ತದೆ. ಆಪರೇಷನ್ ಎಂದರೆ ನಮಗೆ ಮುಗಿದ ಕೆಲಸ. ಜಾಹೀರಾತುಗಳೂ ಅದನ್ನೇ ಹೇಳುತ್ತವೆ. ಎಡಗಡೆ ದಪ್ಪಗಿದ್ದಾಗಿನ ಚಿತ್ರ, ಬಲಗಡೆ ತೆಳ್ಳಗಾದ ಚಿತ್ರ. ಅದಾದ ಐದು ವರ್ಷ, ಹತ್ತು ವರ್ಷದ ಮೂರನೆಯ ಚಿತ್ರವನ್ನು ಯಾರೂ ತೋರಿಸುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಹೆರಿಗೆಯ ಸಿಸೇರಿಯನ್, ಮಕ್ಕಳಾಗದಂತೆ ಮಾಡುವ ಆಪರೇಷನ್, ಗರ್ಭಕೋಶ ತೆಗೆಸಿದ್ದು, ಎಲ್ಲವೂ ಹೊಲಿಗೆ ಬಿಚ್ಚಿದ ದಿನಕ್ಕೆ ಮುಗಿದವು ಎಂದು ಮನೆ ತೀರ್ಮಾನಿಸಿಬಿಡುತ್ತದೆ. ಆ ದೇಹ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳುವವರಿಲ್ಲ.

ಮರೆವು ದೊಡ್ಡ ಮದ್ದು ಎಂದು ಹಿರಿಯರು ಹೇಳುತ್ತಾರೆ. ನಿಜ, ನೋವನ್ನು ಮರೆಯದೆ ಬದುಕು ಸಾಗದು. ಆದರೆ ನೋವನ್ನು ಮರೆಯುವುದೇ ಬೇರೆ, ನಡೆದ ಸಂಗತಿಯನ್ನು ಮರೆಯುವುದೇ ಬೇರೆ. ಆರೋಗ್ಯವಂತ ಮನೆಯಲ್ಲಿ ನೋವು ಮರೆತುಹೋಗುತ್ತದೆ, ಸಂಗತಿ ನೆನಪಿರುತ್ತದೆ. ನಾಚಿಕೆ ಹೊಕ್ಕ ಮನೆಯಲ್ಲಿ ಇದು ತಿರುವುಮುರುವಾಗುತ್ತದೆ. ಸಂಗತಿಯನ್ನು ಎಲ್ಲರೂ ಸೇರಿ ಮರೆಸುತ್ತಾರೆ, ಅವಮಾನದ ನೋವು ಒಬ್ಬಳೊಳಗೆ ಹಾಗೇ ಉಳಿಯುತ್ತದೆ. ವೈನಿಯ ತೂಕ ಇಳಿದಿತ್ತು, ಸಕ್ಕರೆ ಇಳಿದಿತ್ತು. ಇಳಿಯದೇ ಉಳಿದದ್ದು ಆ ನಾಚಿಕೆ. ಅದಕ್ಕೆ ಯಾವ ಶಸ್ತ್ರವೈದ್ಯರ ಬಳಿಯೂ ಚಿಕಿತ್ಸೆಯಿಲ್ಲ, ಯಾಕೆಂದರೆ ಅದು ಅವರ ದೇಹದಲ್ಲಿ ಹುಟ್ಟಿದ್ದಲ್ಲ. ನಾವು ಕೊಟ್ಟದ್ದು.

ಹಾಗಾಗಿ ಮಾಡಬೇಕಾದ ಕೆಲಸಗಳೂ ಹಂಚಿಹೋಗಿವೆ. ಶಸ್ತ್ರಚಿಕಿತ್ಸೆ ಮಾಡಿದವರು ರೋಗಿಯ ಕೈಗೆ ಜೇಬಲ್ಲಿ ಹಿಡಿಯುವಷ್ಟು ಚಿಕ್ಕ ಚೀಟಿಯೊಂದನ್ನು ಕೊಡಬೇಕು, ಸೊಲ್ಲಾಪುರದ ಕಡೆಯವರಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ. ಬೈಪಾಸೋ ಸ್ಲೀವೋ, ಯಾವ ವರ್ಷ ಆದದ್ದು, ಕಿಂಡಿ ಮುಚ್ಚಿದೆಯೇ, ರಾತ್ರಿ ಯಾವ ನಂಬರಿಗೆ ಕರೆ ಮಾಡಬೇಕು, ಇಷ್ಟು ಅದರಲ್ಲಿರಲಿ. ಅದರ ಕೆಳಗೆ ನಾಲ್ಕು ಸಾಲು: ವಾಂತಿ ಇಲ್ಲದಿದ್ದರೂ ಹೊಟ್ಟೆನೋವನ್ನು ಗ್ಯಾಸ್ ಎಂದು ಬಿಡಬೇಡಿ, ಉರಿಯೂತ ತಗ್ಗಿಸುವ ನೋವಿನ ಗುಳಿಗೆ ಕೊಡಬೇಡಿ, ನೋಡದೆ ಮೂಗಿನ ಕೊಳವೆ ಹಾಕಬೇಡಿ, ಗ್ಲೂಕೋಸಿಗೆ ಮೊದಲು ಥಯಾಮಿನ್ ಕೊಡಿ. ಮಾಡಿಸಿಕೊಂಡವರು ಆ ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು, ಮನೆಯಲ್ಲಿ ಕನಿಷ್ಠ ಒಬ್ಬರಿಗಾದರೂ ಎಲ್ಲವನ್ನೂ ಹೇಳಿರಬೇಕು. ಕೊಟ್ಟ ಜೀವಸತ್ವದ ಗುಳಿಗೆಗಳನ್ನು ಬದುಕಿರುವವರೆಗೂ ಬಿಡಬಾರದು. ತುರ್ತು ವಿಭಾಗದಲ್ಲಿ ಕೂರುವ ವೈದ್ಯರು ಮಂಚದ ಸುತ್ತ ಪರದೆ ಎಳೆಯುವುದನ್ನು ಒಂದು ಪರೀಕ್ಷೆಯೆಂದೇ ತಿಳಿಯಬೇಕು. ಆ ದಿನ ಸೊಲ್ಲಾಪುರದಲ್ಲಿ ಸಿಟಿ ಸ್ಕ್ಯಾನಿಗೂ ಮೊದಲು ರೋಗ ಹಿಡಿದದ್ದು ಅದೇ. ಒಬ್ಬ ಕಿರಿಯ ವೈದ್ಯೆ ಸಂಬಂಧಿಕರನ್ನು ಹೊರಗೆ ಕಳಿಸಿ, ರೋಗಿಯ ಭಾಷೆಯಲ್ಲಿ, ಗದರದೆ ಎರಡನೇ ಸಲ ಕೇಳಿದರು. ಇದಕ್ಕೆ ದುಡ್ಡು ಬೇಕಿಲ್ಲ, ಯಂತ್ರ ಬೇಕಿಲ್ಲ.

ಇನ್ನು ಉಳಿದದ್ದು ನಮ್ಮ ಪಾಲಿನದು. ಮದುವೆಯ ಮನೆಯಲ್ಲಿ ತೆಳ್ಳಗಾದವರನ್ನು ಕಂಡು ‘ಹ್ಯಾಂಗ ಇಳಿಸಿದ್ರಿ?’ ಎಂದು ನಾವು ಕೇಳದೆ ಇರುವುದಿಲ್ಲ. ಕೇಳಿದ ಮೇಲೆ ಬರುವ ಉತ್ತರಕ್ಕೆ ಮುಖ ಸಿಂಡರಿಸದಿರಲು ಕಲಿಯೋಣ. ‘ಆಪರೇಷನ್ ಮಾಡಿಸಿಕೊಂಡೆ’ ಎಂದು ಒಬ್ಬಳು ಹೇಳಿದರೆ, ‘ಛಲೋ ಆತು, ಔಷಧ ಬಿಡಬ್ಯಾಡ್ರಿ’ ಎನ್ನುವಷ್ಟು ದೊಡ್ಡ ಮನಸ್ಸು ಸಾಕು. ಹಗಲಿನಲ್ಲಿ ನಾಲ್ಕು ಜನರ ಮುಂದೆ ಆಡಲು ಬಂದ ಮಾತು ಮಾತ್ರ, ನಡುರಾತ್ರಿ ಪ್ರಾಣಸಂಕಟದಲ್ಲಿ ವೈದ್ಯರ ಮುಂದೆ ತಾನಾಗಿ ಬಾಯಿಗೆ ಬರುತ್ತದೆ. ಹಗಲಿನಲ್ಲೇ ಆ ಮಾತು ಆಡಗೊಡದಿದ್ದರೆ, ರಾತ್ರಿ ಅದು ಬರಲಿಲ್ಲವೆಂದು ಅವಳನ್ನು ದೂರುವ ಹಕ್ಕು ನಮಗಿಲ್ಲ.